ಗುರುಶಾಂತಮ್ಮನವರ ಒಬ್ಬಟ್ಟು

ಸತ್ಯಮಿತ್ರಾ,

ಆಸ್ಪತ್ರೆಗೆ ರಾತ್ರಿ ಡ್ಯೂಟಿಗೆ ಹೊರಟೆ. ಸಾರು ಒಲೆ ಮೇಲಿದೆ, ಬಿಸಿ ಮಾಡಿಕೋ.

ಪಕ್ಕದ ಮನೆ ಗುರುಶಾಂತಮ್ಮನವರು ಯುಗಾದಿ ಒಬ್ಬಟ್ಟು ತಂದರೆ, "ವಿಗ್ರಹಕ್ಕೆ ಎಡೆ ಇಟ್ಟದ್ದು ನಾವು ತಿನ್ನಲ್ಲ" ಅಂತ ಬಾಗಿಲಲ್ಲೇ ವಾಪಸ್ ಕಳಿಸಿದೆಯಂತೆ. ಅಜ್ಜಂಪುರದ ಪ್ರಾರ್ಥನಾ ಕೂಟದಲ್ಲಿ ಕಲಿತು ಬಂದದ್ದು ಇದೇನಾ? ನಲ್ಲಿ ಹತ್ತಿರ ಸಿಕ್ಕಾಗ, "ನಿಮ್ ಹುಡುಗ ದೊಡ್ಡೋನಾಗ್ಬಿಟ್ಟ ಕಣ್ರೀ" ಅಂದರು. ನನ್ನ ಮುಖ ನೋಡಲಿಲ್ಲ.

ನಿಮ್ಮಪ್ಪ ತೀರಿಕೊಂಡಾಗ ನಾನು ಮೂಲೆ ಹಿಡಿದು ಕೂತಿದ್ದೆ. ನಿನಗೆ ಅನ್ನ ಕಲಸಿ ತಿನ್ನಿಸಿದವರು ಅವರೇ. ಹೋದ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ನೆರೆಯವರನ್ನು ಪ್ರೀತಿಸಬೇಕು ಅಂತ ಓದಿದೆಯಲ್ಲ, ನೆರೆಯವರು ಅಂದರೆ ಯಾರು ಅಂದುಕೊಂಡೆ?

ಬೆಳಿಗ್ಗೆ ಎದ್ದ ಕೂಡಲೇ ಹೋಗಿ ತಪ್ಪಾಯಿತು ಅನ್ನು. ಒಬ್ಬಟ್ಟು ಉಳಿದಿದ್ದರೆ ಕೇಳಿ ಹಾಕಿಸಿಕೊಂಡು ಅವರ ಎದುರಿಗೇ ತಿನ್ನು. ಅಲ್ಲಿಯವರೆಗೆ ಈ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಬೇಡ. ಆಮೆನ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅಮ್ಮ