ತಕ್ಕಡಿಯಲ್ಲಿ ಸುಮ್ಮನೆ ಕೂತ ಕಪ್ಪೆಗಳು

ಹಾಸ್ಟೆಲ್, ಮೇಲಿನ ಮಹಡಿಯ ಮೂಲೆ ಕೋಣೆ
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಮಿಷನ್ ತುಳಿಯುವ ಕಾಲಿಗೆ ಬಿಸಿನೀರಿನ ಶಾಖ ಕೊಡು ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ನೀನು ‘ಈ ಯೂನಿಫಾರಂ ಒಂದು ಮುಗೀಲಿ ಕಣೇ’ ಎನ್ನುತ್ತೀಯ. ಶಾಲೆಯ ಯೂನಿಫಾರಂ ಹೊಲಿಯುವುದು ಯಾವ ಕಾಲಕ್ಕೆ ಮುಗಿದೀತು? ಮಕ್ಕಳು ಬೆಳೆಯುವುದನ್ನು ನಿಲ್ಲಿಸಬೇಕಷ್ಟೆ. ಮಾವನ ಕೆಮ್ಮು ಹೇಗಿದೆ? ಡೈರಿಯ ತಣ್ಣನೆ ಕೋಣೆಯಿಂದ ಬಂದವನೇ ಬಿಸಿಲಿಗೆ ಹೋಗಬೇಡ ಎಂದು ನಾನು ಹೇಳಿದೆನೆಂದು ಹೇಳು. ಅಕ್ಕನ ಮಾತನ್ನೇ ಕೇಳದವನು ಅಕ್ಕನ ಮಗಳ ಮಾತು ಕೇಳಿಯಾನೇ ಎಂದು ನೀನು ನಗಬಹುದು, ಆದರೂ ಹೇಳು. ನಿನ್ನ ಪತ್ರ ಬುಧವಾರ ಕೈಸೇರಿತು. ‘ಈಗೀಗ ರಾತ್ರಿ ಒಳ್ಳೆ ನಿದ್ದೆ ಬರ್ತಿದೆ, ತಲೆ ದಿಂಬಿಗೆ ಇಟ್ಟರೆ ಬೆಳಗ್ಗೇನೇ ಎಚ್ಚರ’ ಎಂದು ಬರೆದಿದ್ದೀಯ. ನೀನು ನಿದ್ದೆ ಮಾಡಿದರೆ ನನಗಿಂತ ಸಂತೋಷಪಡುವವರು ಯಾರಿದ್ದಾರೆ? ಆದರೂ ಆ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ, ಅಂದರೆ ಜ್ವರಗಿರ ಏನೂ ಇಲ್ಲ. ಊಟ ಮಾಡುತ್ತೇನೆ, ಸೇರುವುದಿಲ್ಲ ಅಷ್ಟೆ. ನನ್ನ ರೂಂಮೇಟ್ ಕೊಕ್ಕರೆ, ಉದ್ದ ಕಾಲಿನವಳು, ನೀನು ಬಂದಿದ್ದಾಗ ‘ಈ ಹುಡುಗಿಗೆ ಲಂಗ ಹೊಲಿಯೋಕೆ ಇಡೀ ಥಾನು ಬೇಕು’ ಎಂದೆಯಲ್ಲ, ಅವಳೂ ನನ್ನ ಹಾಗೇ ಇದ್ದಾಳೆ. ಇಬ್ಬರೂ ಎದುರುಬದುರು ಮಂಚದಲ್ಲಿ ಕೂತು ಗೋಡೆ ನೋಡುತ್ತೇವೆ. ಆದದ್ದನ್ನು ಫೋನಿನಲ್ಲಿ ಹೇಳೋಣವೆಂದರೆ ನೀನು ಮಿಷನ್ ತುಳಿಯುತ್ತಲೇ ಹೂಂ ಹೂಂ ಎನ್ನುತ್ತೀಯ. ನಿನ್ನೆ ಸಂಜೆ ಹೇಳಲೇಬೇಕೆಂದು ಮಾಡಿದೆ. ಊಟ ಆಯ್ತಾ ಎಂದು ಕೇಳಿ ನಾನೇ ಇಟ್ಟುಬಿಟ್ಟೆ. ಬರೆಯುವುದೇ ವಾಸಿ. ಕಾಗದವನ್ನಾದರೆ ನೀನು ಮಿಷನ್ ನಿಲ್ಲಿಸಿ ಓದುತ್ತೀಯ.

ನಾನು ಈ ಕೋರ್ಸಿಗೆ ಸೇರುವಾಗ ನೀನು ಏನು ಹೇಳಿದ್ದೆ, ನೆನಪಿದೆಯೇ? ಪರಿಸರ ವಿಜ್ಞಾನ, ಜೀವವಿಜ್ಞಾನ ಎರಡನ್ನೂ ಒಟ್ಟಿಗೆ ಓದುತ್ತೇನೆ ಎಂದರೆ, ‘ಎರಡು ದೋಣಿ ಮೇಲೆ ಕಾಲಿಡಬೇಡ್ವೇ, ನಡುವೆ ಬೀಳ್ತೀಯ’ ಎಂದೆ. ನಾನು ನಕ್ಕಿದ್ದೆ. ನೀರನ್ನು ಬಿಟ್ಟು ಮೀನನ್ನು ಓದುವುದು ಹೇಗೆ, ಮೀನನ್ನು ಬಿಟ್ಟು ನೀರನ್ನು ಓದಿ ಏನು ಪ್ರಯೋಜನ ಎಂದು ನಿನಗೆ ಭಾಷಣವನ್ನೇ ಬಿಗಿದಿದ್ದೆ. ಇಲ್ಲಿಗೆ ಬಂದ ಮೇಲೆ ತಿಳಿಯಿತು, ದೋಣಿಗಳು ನಿಜಕ್ಕೂ ಎರಡೇ. ಮಹಡಿಯ ಮೇಲೆ ಪರಿಸರದವರು. ಬಾಟಲಿಗಳು, ನಕ್ಷೆಗಳು, ನೀರು ಅಳೆಯುವ ಯಂತ್ರಗಳು. ಕೆಳಗೆ ಜೀವವಿಜ್ಞಾನದವರು; ಗಾಜಿನ ತೊಟ್ಟಿಗಳು, ಸೂಕ್ಷ್ಮದರ್ಶಕಗಳು, ಒಂಥರಾ ಪಾಚಿಯ ವಾಸನೆ. ಮೇಲಿನ ಸರ್‌ಗೂ ಕೆಳಗಿನ ಮೇಡಂಗೂ ಎಣ್ಣೆ ಸೀಗೆಕಾಯಿ. ಸರ್ ಕೆಳಗಿಳಿಯುವುದಿಲ್ಲ, ಮೇಡಂ ಮೇಲೆ ಹತ್ತುವುದಿಲ್ಲ. ಇಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿಯುವುದು ನಾವು. ಒಂದೇ ಕೋರ್ಸು ಎಂದು ಬಾಗಿಲ ಮೇಲೆ ಬೋರ್ಡು ಹಾಕಿದ್ದಾರೆ, ಅಷ್ಟೇ.

ನಮ್ಮ ಬ್ಯಾಚಿಗೆ ಕೊಟ್ಟ ಕೆಲಸ ಕಪ್ಪೆಗಳದ್ದು. ಊರ ಸುತ್ತಲಿನ ಎಂಟು ಹೊಂಡಗಳಿಗೆ ಸರದಿಯ ಪ್ರಕಾರ ಹೋಗಿ ನೀರಿನ ಮಾದರಿ ತರುವುದು, ಕಪ್ಪೆಗಳನ್ನು ಹಿಡಿದು ತೂಕ ನೋಡಿ ಬಿಡುವುದು. ಮಾವ ಡೈರಿಯಿಂದ ತಂದುಕೊಟ್ಟ ಬಿಳಿ ಗಂಬೂಟು ನನ್ನ ಕಾಲಿಗೆ ದೊಡ್ಡದಾಗಿ, ಮೂರು ಕಾಲುಚೀಲ ಹಾಕಿಕೊಂಡು ಬಾತುಕೋಳಿಯ ಹಾಗೆ ನಡೆಯುತ್ತಿದ್ದೆ. ನೀನು ಹಳೆಯ ಪರದೆಯಲ್ಲಿ ಹೊಲಿದುಕೊಟ್ಟ ಬಲೆಯನ್ನು ಎಲ್ಲರೂ ಎರವಲು ಕೇಳುತ್ತಿದ್ದರು. ಅಂಗಡಿಯ ಬಲೆ ಹರಿದರೂ ನಿನ್ನ ಜೋಡಿ ಹೊಲಿಗೆ ಬಿಡಲಿಲ್ಲ. ನಮ್ಮ ಬೀದಿಯ ಹೆಂಗಸರನ್ನು ಒಂದು ಕಡೆ ಸೇರಿಸಲಾಗದೆ ನೀನು ‘ಕಪ್ಪೆ ತಕ್ಕಡಿಗೆ ಹಾಕಿದ ಹಾಗಾಯ್ತು’ ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆಯಲ್ಲ, ನಾವು ನಿಜವಾಗಿಯೂ ಹಾಕಿದೆವಮ್ಮಾ. ಒಂದನ್ನು ಇಟ್ಟರೆ ಒಂದು ಜಿಗಿಯುತ್ತಿತ್ತು. ಕೊಕ್ಕರೆಯ ಕೂದಲಲ್ಲಿ ಒಂದು, ಸರ್ ಜೇಬಿನಲ್ಲಿ ಒಂದು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಎರಡನೆಯ ಸುತ್ತಿಗೆ ಹೋದಾಗ ಅವು ಅಷ್ಟು ಗಲಾಟೆ ಮಾಡಲಿಲ್ಲ. ತಕ್ಕಡಿಯಲ್ಲಿ ಇಟ್ಟರೆ ಇಟ್ಟ ಹಾಗೇ ಕೂತವು. ಕೆಲಸ ಬೇಗ ಮುಗಿಯಿತು, ನಮಗೂ ಕೈ ಕುದುರಿತು ಎಂದು ನಾನು ಹಿಗ್ಗಿಬಿಟ್ಟೆ. ಕಪ್ಪೆ ಜಿಗಿಯದೆ ಕೂತರೆ ಏನೋ ಆಗಿದೆ ಎಂದು ನಮ್ಮ ಓಣಿಯ ಚಿಕ್ಕ ಮಗುವಿಗೂ ಗೊತ್ತಾಗುತ್ತಿತ್ತು. ಅಷ್ಟೊಂದು ಓದಿದ ನಮಗೆ ಗೊತ್ತಾಗಲಿಲ್ಲ.

ಮೂರನೆಯ ಸುತ್ತಿಗೆ ಹೊಂಡಗಳು ಒಂದೊಂದಾಗಿ ಸುಮ್ಮನಾಗತೊಡಗಿದವು. ದಡದಲ್ಲಿ ಹೊಟ್ಟೆ ಮೇಲಾಗಿ ಬಿದ್ದವು ಕೆಲವು, ಉಳಿದವು ಎಲ್ಲಿ ಹೋದವೋ. ಸರ್ ಹಗಲೂ ಇರುಳೂ ನೀರಿನಲ್ಲಿ ವಿಷ ಹುಡುಕಿದರು. ಕಾರ್ಖಾನೆಯ ಬಣ್ಣವೇ, ಹೊಲದ ಔಷಧಿಯೇ, ಏನಾದರೂ ಸಿಗಬೇಕಲ್ಲ. ನೀರು ಕನ್ನಡಿಯ ಹಾಗಿತ್ತು. ಗೋಡೆಯ ನಕ್ಷೆಯಲ್ಲಿ ಯಾವ ಹೊಂಡ ಮೊದಲು ಸುಮ್ಮನಾಯಿತು, ಯಾವುದು ಆಮೇಲೆ ಎಂದು ಗುಂಡುಪಿನ್ನು ಚುಚ್ಚಿ ದಾರ ಕಟ್ಟಿದರು. ಕೆಳಗೆ ಮೇಡಂ ಸತ್ತ ಕಪ್ಪೆಗಳ ಚರ್ಮ ನೋಡುತ್ತಿದ್ದರು. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಉಸಿರನ್ನೂ ಎಳೆದುಕೊಳ್ಳುತ್ತದೆ. ಆ ಚರ್ಮಕ್ಕೆ ಒಂದು ಜಾತಿಯ ಬೂಷ್ಟು ಹತ್ತಿ ದಪ್ಪಗಾಗಿಸಿತ್ತು. ಬ್ರೆಡ್ಡಿಗೆ ಹಿಡಿಯುತ್ತದಲ್ಲ, ಅದರ ದೂರದ ನೆಂಟ ಎಂದುಕೋ. ಮನುಷ್ಯರಿಗೆ ಏನೂ ಮಾಡುವುದಿಲ್ಲ, ನೀನು ಗಾಬರಿಯಾಗಬೇಡ. ಅದು ಎಲ್ಲಿಂದ ಬಂತು ಎಂಬುದೊಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಹೋದ ಸೋಮವಾರ ಮೇಡಂ ಮೊದಲ ಸಲ ಮೆಟ್ಟಿಲು ಹತ್ತಿ ಮೇಲೆ ಬಂದರು. ಚರ್ಮದ ವಿಷಯ ಸರ್‌ಗೆ ಹೇಳಲು ಬಂದವರು ಮಾತನಾಡುವ ಮೊದಲೇ ನಕ್ಷೆಯ ಮುಂದೆ ನಿಂತರು. ದಾರದ ಮೇಲೆ ಬೆರಳಿಟ್ಟು ಒಂದು ಪಿನ್ನಿನಿಂದ ಇನ್ನೊಂದಕ್ಕೆ ಹೋದರು. ‘ಸರ್, ಇದು ನಮ್ಮ ಹುಡುಗರ ಟೈಂಟೇಬಲ್ ಅಲ್ವಾ?’ ಎಂದರು, ಅಷ್ಟೇ. ನಾವು ಯಾವ ಸರದಿಯಲ್ಲಿ ಹೊಂಡಕ್ಕೆ ಇಳಿದಿದ್ದೆವೋ ಅದೇ ಸರದಿಯಲ್ಲಿ ಹೊಂಡಗಳು ಸತ್ತಿದ್ದವು. ಮೊದಲ ಹೊಂಡದಲ್ಲಿ ಅದು ಎಷ್ಟು ಕಾಲದಿಂದ ಇತ್ತೋ. ಅಲ್ಲಿಂದಾಚೆಗೆ ಹೊತ್ತದ್ದು ನಾವು, ನಮ್ಮ ಬೂಟಿನ ಕೆಸರಿನಲ್ಲಿ.

ಬೂಟು ಯಾಕೆ ತೊಳೆಯಲಿಲ್ಲ ಎಂದು ಕೇಳುತ್ತೀಯ. ನಿನ್ನ ಮಗಳು ಕೊಳಕಿಯಲ್ಲಮ್ಮಾ. ಕೆಳಗಿನವರ ನಿಯಮ, ಒಂದು ಹೊಂಡದಿಂದ ಎದ್ದರೆ ಔಷಧಿ ನೀರಿನಲ್ಲಿ ಬೂಟು ಅದ್ದಿ ಒಣಗಿಸಬೇಕು. ಮೇಲಿನವರ ನಿಯಮ, ಬೂಟಿಗೆ ಸೋಪು, ಔಷಧಿ ಏನೂ ಸೋಕಬಾರದು. ಚೂರು ಸೋಕಿದರೂ ಮಾದರಿಗೆ ಬೆರೆತು ನೀರಿನ ಲೆಕ್ಕ ಕೆಡುತ್ತದೆ. ಎರಡನ್ನೂ ಒಟ್ಟಿಗೆ ಓದುವವರು ಏನು ಮಾಡಬೇಕು ಎಂದು ಯಾರೂ ಬರೆದಿಟ್ಟಿರಲಿಲ್ಲ. ಹೊಂಡಕ್ಕೆ ನಮ್ಮ ಜೊತೆ ಬರುತ್ತಿದ್ದವರು ಸರ್, ಹಾಗಾಗಿ ಸರ್ ಮಾತು ನಡೆಯಿತು. ಬೂಟನ್ನು ಅದೇ ಹೊಂಡದ ನೀರಿನಲ್ಲಿ ಜಾಲಿಸಿ, ಒದ್ದೆಯಲ್ಲೇ ವ್ಯಾನಿಗೆ ಎಸೆದು ಮುಂದಿನ ಹೊಂಡಕ್ಕೆ ಹೋಗುತ್ತಿದ್ದೆವು. ಬರೀ ಪರಿಸರದವರು ಹೋಗಿದ್ದರೆ ದಡದಲ್ಲೇ ನಿಂತು ಬಾಟಲಿ ತುಂಬಿಕೊಂಡು ಬರುತ್ತಿದ್ದರು. ಬರೀ ಜೀವವಿಜ್ಞಾನದವರಾದರೆ ಬೂಟು ತೊಳೆಯುತ್ತಿದ್ದರು. ನಮ್ಮಂಥವರೇ ಬೇಕಾಯಿತು ನೋಡು, ಎರಡು ದೋಣಿಯವರು. ಬಿದ್ದದ್ದು ಮಾತ್ರ ನಾವಲ್ಲ. ‘ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ’ ಎನ್ನುತ್ತೀಯಲ್ಲ, ನಾವು ಕಾಲಿಗೆ ಹಾಕಿಕೊಂಡು ಹುಡುಕಿದೆವು.

ಸರ್ ಅವತ್ತು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ಜಗಳವಾಡುತ್ತಿದ್ದ ಮೇಡಂ ಹೋಗಿ ಅವರ ಪಕ್ಕದಲ್ಲೇ ಕೂತರು. ಅವರು ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು. ಇನ್ನೇನಾದರೂ ಮಾಡಬಹುದಾ ಎಂದು ಕೊಕ್ಕರೆ ಕೇಳಿದಳು. ಕೆಳಗಿನ ತೊಟ್ಟಿಯಲ್ಲಿ ತಂದಿಟ್ಟ ಹನ್ನೊಂದು ಕಪ್ಪೆ ಉಳಿದಿವೆ, ಔಷಧಿ ಹಾಕಿ ಬದುಕಿಸಬಹುದು, ಆದರೆ ಬಿಡುವುದು ಎಲ್ಲಿಗೆ ಎಂದರು ಮೇಡಂ. ಹೊಂಡದೊಳಗೆ ಸೇರಿದ ಬೂಷ್ಟನ್ನು ತೆಗೆಯುವ ದಾರಿ ಅವರಿಗೂ ಗೊತ್ತಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು. ನಮ್ಮ ಪ್ರಾಜೆಕ್ಟ್ ಬಹಳ ಚೆನ್ನಾಗಿದೆಯಂತೆ, ಕಾರಣ ಕಂಡುಹಿಡಿದಿದ್ದೇವಂತೆ, ಒಳ್ಳೆಯ ಅಂಕ ಬರುತ್ತದಂತೆ. ಕೇಳಿ ನಾನು ಕೆಳಗಿಳಿದು ಆ ಹನ್ನೊಂದನ್ನು ಮತ್ತೆ ಎಣಿಸಿದೆ.

ಆಮೇಲೆ ಮೇಡಂ ಎಲ್ಲರ ಬೂಟುಗಳನ್ನೂ ಸಾಲಾಗಿ ಇಡಿಸಿ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ತೆಗೆದುಕೊಂಡರು. ಗುರುವಾರ ಬಂತು ಫಲಿತಾಂಶ. ಕೊಕ್ಕರೆಯದರಲ್ಲಿ ಇತ್ತು, ಎಲ್ಲರದರಲ್ಲೂ ಇತ್ತು. ‘ನಿನ್ನ ಬೂಟೆಲ್ಲಿ?’ ಎಂದು ನನ್ನನ್ನು ಕೇಳಿದ್ದರು. ಮನೆಯಲ್ಲಿದೆ ಎಂದಿದ್ದೆ. ಮೂರನೆಯ ಸುತ್ತು ಮುಗಿದು ರಜೆಗೆ ಬರುವಾಗ ಎಂಟನೆಯ ಹೊಂಡದಿಂದ ನೇರವಾಗಿ ಬಸ್ಸು ಹತ್ತಿದ್ದೆನಲ್ಲ, ಒದ್ದೆ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು. ಬಂದ ಸಂಜೆಯೇ ಅದನ್ನು ಹಾಕಿಕೊಂಡು ನಮ್ಮ ಹಿತ್ತಿಲಿನಾಚೆಯ ಇಟ್ಟಿಗೆ ಗೂಡಿನ ಹಳೆಯ ಹೊಂಡಕ್ಕೆ ಇಳಿದಿದ್ದೆ. ಎಲ್ಲ ಹೊಂಡಗಳೂ ಹಾಳಾಗುತ್ತಿವೆ, ಹೋಲಿಸಿ ನೋಡಲು ಒಂದಾದರೂ ಆರೋಗ್ಯವಾಗಿರುವ ಹೊಂಡ ಬೇಕು ಎಂದು ಸರ್ ಹೇಳಿದ್ದರು. ನಾನು ಜಂಬದಿಂದ ‘ನಮ್ಮ ಮನೆ ಹಿಂದೆ ಇದೆ ಸರ್’ ಎಂದಿದ್ದೆ. ನೀನು ಬಾಗಿಲಲ್ಲಿ ನಿಂತು ‘ಬಾರೇ ಈಚೆಗೆ, ಕತ್ತಲಾಯ್ತು, ಹಾವುಗೀವು ಇದ್ದೀತು’ ಎಂದು ಕೂಗುತ್ತಿದ್ದೆ. ಅಲ್ಲಿನ ಕಪ್ಪೆಗಳ ಗದ್ದಲದಲ್ಲಿ ನಿನ್ನ ಮಾತು ನನಗೆ ಅರ್ಧವೇ ಕೇಳುತ್ತಿತ್ತು. ನೀನು ಎಷ್ಟು ಶಾಪ ಹಾಕುತ್ತಿದ್ದೆ ಅವಕ್ಕೆ! ‘ಈ ವಟವಟಕ್ಕೆ ಒಂದು ಕೊನೆ ಅನ್ನೋದಿಲ್ವಾ, ಇಷ್ಟು ವರ್ಷದಲ್ಲಿ ಒಂದು ರಾತ್ರಿ ಕಣ್ಣು ಮುಚ್ಚಿಲ್ಲ’ ಎಂದು ಚಪ್ಪಲಿ ಎಸೆಯುತ್ತಿದ್ದೆ. ನಾನು ಆ ವಟವಟದಲ್ಲೇ ನಿದ್ದೆ ಮಾಡಿ ಬೆಳೆದವಳು. ಹಾಸ್ಟೆಲಿಗೆ ಬಂದ ಮೊದಲ ವಾರ ಸದ್ದಿಲ್ಲದೆ ನಿದ್ದೆಯೇ ಹತ್ತಿರಲಿಲ್ಲ.

ಇಷ್ಟೇ ಅಮ್ಮಾ ಸುದ್ದಿ. ಬೈಯಬೇಡ, ಸಮಾಧಾನವನ್ನೂ ಹೇಳಬೇಡ. ಕೋರ್ಸು ಬಿಟ್ಟು ಬಂದುಬಿಡಲೇ ಎಂದು ಒಂದು ಸಲ ಅನ್ನಿಸುತ್ತದೆ. ಬಂದರೂ ಇದನ್ನು ಎಲ್ಲಿ ಬಿಟ್ಟು ಬರಲಿ? ಮಾವನಿಗೆ ನಮಸ್ಕಾರ ಹೇಳು. ಕೊಕ್ಕರೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳುತ್ತಿದ್ದಾಳೆ. ಕಾಲಿಗೆ ಶಾಖ ಕೊಟ್ಟುಕೋ, ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸು. ನಿನ್ನ ಪಾದಗಳಿಗೆ ನನ್ನ ಹಣೆ.

ನಿನ್ನ ಹುಚ್ಚು ಮಗಳು

ಮತ್ತೆ: ಅಂಚೆಗೆ ಹಾಕಲು ಕೊಕ್ಕರೆ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಹಿತ್ತಿಲ ಬಾಗಿಲ ಹಿಂದಿರುವ ಬೂಟನ್ನು ಯಾರಿಗೂ ಕೊಡಬೇಡ. ಮೀನು ಹಿಡಿಯಲು ಬೇಕು ಎಂದು ಮಾವ ಕೇಳಿದರೂ ಕೊಡಬೇಡ, ಮುನಿಸಿಕೊಂಡರೂ ಸರಿ. ಕುದಿಯುವ ನೀರು ಹೊಯ್ದು, ಆ ನೀರು ಹೊಂಡದ ಕಡೆ ಹರಿಯದ ಹಾಗೆ ನೋಡಿಕೊಂಡು, ಗರಿಗರಿ ಒಣಗುವ ತನಕ ಬಿಸಿಲಿಗಿಡು. ಇನ್ನೊಂದು. ಒಳ್ಳೆ ನಿದ್ದೆ ಬರುತ್ತಿದೆ ಎಂದೆಯಲ್ಲ, ಅದು ಯಾವಾಗಿನಿಂದ? ನಾನು ರಜೆಗೆ ಬರುವ ಮೊದಲೇ ಶುರುವಾಗಿತ್ತೇ, ಬಂದು ಹೋದ ಮೇಲೆಯೇ? ಇದು ಕಪ್ಪೆಗಳು ಕೂಗುವ ಕಾಲ. ನಿನ್ನೆ ಸಂಜೆ ಫೋನಿನಲ್ಲಿ ನಿನ್ನ ಮಿಷನ್ನಿನ ಸದ್ದು ಎಷ್ಟು ಚೆನ್ನಾಗಿ ಕೇಳಿಸಿತಮ್ಮಾ, ಯಾವತ್ತೂ ಹಾಗೆ ಕೇಳಿಸಿರಲಿಲ್ಲ. ಈ ಪತ್ರ ಮುಟ್ಟಿದ ದಿನ ಕತ್ತಲಾಗುವ ಹೊತ್ತಿಗೆ ಮಿಷನ್ ನಿಲ್ಲಿಸಿ ಹಿತ್ತಿಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತುಕೋ. ಫೋನ್ ಮಾಡಬೇಡ, ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ. ಒಂದೇ ಒಂದು ಕೂಗಿದರೂ ಬರೆ. ಕೂಗದಿದ್ದರೆ ಆ ಮಾತು ಎತ್ತಬೇಡ, ಮಂಡಿ ನೋವಿನ ಸುದ್ದಿ ಬರೆ; ನನಗೆ ತಿಳಿಯುತ್ತದೆ.