ಮೂರಂತಸ್ತಿನ ಮನೆಯ ಒಡತಿ

ಫಾಲ್ ರಿವರ್, ಮ್ಯಾಸಚೂಸೆಟ್ಸ್
ನವೆಂಬರ್ 3, 1974

ಪ್ರೀತಿಯ ಅಕ್ಕ ಇದಾಲಿನಾ,

ಅವ್ವನಿಗೂ ನಿನಗೂ ನನ್ನ ಮುತ್ತುಗಳು. "ಕಾರ್ಖಾನೆಯಲ್ಲಿ ಅಂಗಿಗೆ ತೋಳು ಹೊಲಿಯೋಳಿಗೆ ಎರಡನೇ ಮನೆ ಎಲ್ಲಿಂದ ಬಂತೇ? ಏನಾದ್ರೂ ಕದ್ದೆಯಾ?" ಎಂದು ಬರೆದಿದ್ದೀಯ. ಕದ್ದಿಲ್ಲ ಮಾರಾಯ್ತಿ. ಹೇಗಾಯಿತೆಂದು ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಇಲ್ಲಿನವು ಮರದ ಮನೆಗಳು, ಒಂದರ ಮೇಲೊಂದು ಮೂರು ಸಂಸಾರ. ನಾವು ಬಾಡಿಗೆಗಿದ್ದದ್ದು ಮೇಲಿನ ಮಹಡಿಯಲ್ಲಿ. ಕೆಳಗೆ ಒಡತಿ ಮದಾಂ ತಿಬೋ, ವಿಧವೆ. ಮಗಳ ಊರಿಗೆ ಹೋಗಲೆಂದು ಅವಳು ಮನೆ ಮಾರಲು ಹೊರಟಾಗ ನಾನು ಬ್ಯಾಂಕಿಗೆ ಹೋದೆ. ಮೇಜಿನಾಚೆಯವನು ನನ್ನ ಬೆರಳಿನ ಸೂಜಿಗಾಯಗಳನ್ನು ನೋಡಿ ಕಾಗದ ಮುಚ್ಚಿಟ್ಟ. ನನ್ನ ಗಂಡ ಗ್ವಾಲ್ತೆರ್ ಮೂರು ದಿನ ನಕ್ಕ. "ಇವತ್ತು ಮನೆ, ನಾಳೆ ಊರನ್ನೇ ಕೊಂಡ್ಕೊಳ್ತಾಳೆ ನಮ್ಮ ರಾಣಿ!"

ಮದಾಂ ತಿಬೋ ನಗಲಿಲ್ಲ. "ಬ್ಯಾಂಕು ಬೇಡ ಅಂದ್ರೆ ಬಿಡಮ್ಮ. ಇರೋದನ್ನ ಮುಂಗಡ ಕೊಡು, ಮಿಕ್ಕಿದ್ದು ತಿಂಗಳು ತಿಂಗಳು ನನಗೇ ಕಳಿಸು. ಆರು ವರ್ಷದಿಂದ ನೋಡ್ತಿದೀನಿ, ಈ ಮೆಟ್ಟಿಲನ್ನ ನಿನ್ನ ಹಾಗೆ ನಾನೂ ಉಜ್ಜಿಲ್ಲ," ಎಂದಳು.

ಕೀಲಿಕೈ ಸಿಕ್ಕ ದಿನ ನೆಲಮಾಳಿಗೆಗೆ ಇಳಿದು, ಅಡಿಪಾಯದ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತೆ. ತಲೆಯ ಮೇಲೆ ಮೂರು ಅಡುಗೆಮನೆ, ಹನ್ನೊಂದು ಜನ, ಯಾರದೋ ಮಗುವಿನ ಓಡಾಟದ ಸದ್ದು. ಅಷ್ಟನ್ನೂ ಹೊತ್ತ ಕಲ್ಲು ನನ್ನದು! ಆ ಕಲ್ಲಿಗೇ ಒರಗಿದೆ, ಅಕ್ಕ. ಅಲ್ಲೇ ಕೂತುಬಿಟ್ಟೆ.

ನಾವು ಮೇಲೆಯೇ ಉಳಿದೆವು. ಬೇಸಿಗೆಯಲ್ಲಿ ಬೇಯುವ, ಚಳಿಗಾಲದಲ್ಲಿ ಮರಗಟ್ಟುವ ಮಹಡಿ ಅದು. ಕೆಳಗಿನವೆರಡು ಬಾಡಿಗೆಗೆ. ಮೊದಲ ಚಳಿಗಾಲದಲ್ಲೇ ನೀರಿನ ಪೈಪು ಒಡೆದು ನಡುಮಹಡಿಯ ಒಳಚಾವಣಿ ಕುಸಿಯಿತು. ನಕ್ಕಿದ್ದ ಗ್ವಾಲ್ತೆರನೇ ಪೈಪಿನ ಕೆಲಸ ಕಲಿತ, ನಾನು ಗಾರೆ ಮೆತ್ತುವುದು ಕಲಿತೆ. ಬಾಡಿಗೆಯಿಂದಲೇ ಮದಾಂ ತಿಬೋಳ ಕಂತು ಹೋಗುತ್ತಿತ್ತು. ನಾನು ಕಾರ್ಖಾನೆಯಲ್ಲಿ ಹೊಲಿಯುವಾಗ ಇಲ್ಲಿ ಗೋಡೆಗಳೂ ದುಡಿಯುತ್ತವೆ, ನಿಂತಲ್ಲೇ ನಿಂತು! ಐದನೇ ವರ್ಷ ಅದೇ ಬ್ಯಾಂಕಿನವನು ಕುರ್ಚಿ ಎಳೆದು ಕೂರಿಸಿ, ಎದುರುಮನೆ ಕೊಳ್ಳಲು ಸಾಲ ಕೊಟ್ಟ.

ಇಷ್ಟು ಹೇಳಲಿಕ್ಕೇ ಆಗಿದ್ದರೆ ಒಂದು ಕಾರ್ಡು ಸಾಕಿತ್ತು. ಕಳೆದ ತಿಂಗಳು ಎದುರುಮನೆಯ ಕೆಳಮಹಡಿಗೆ, ನೀನೂ ಅವ್ವನೂ ಇರುವ ನಮ್ಮ ದ್ವೀಪದಿಂದಲೇ ಬಂದ ಮುದಿ ದಂಪತಿ ಬಾಡಿಗೆಗೆ ಬಂದರು. ಹೆಂಗಸಿಗೆ ಮೊಣಕಾಲು ಬಾಗದು. ಕರಾರಿಗೆ ಸಹಿ ಹಾಕಿಸಿಕೊಂಡವನು ಗ್ವಾಲ್ತೆರ್, ನಾನು ಅವರನ್ನು ನೋಡಿರಲಿಲ್ಲ. ಮೊನ್ನೆ ಒಂದನೇ ತಾರೀಖು ಮುದುಕ ಬಾಡಿಗೆ ತಂದ. ಬಾಗಿಲಲ್ಲಿ ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತ. ಎಡಗೆನ್ನೆಯಲ್ಲಿ ಕುದುರೆ ಒದ್ದ ಕಲೆ.

ಎರ್ಮೀನಿಯು. ಗೋಧಿ ಕಣದಲ್ಲಿ ಧಣಿಯ ಪಾಲು ಅಳೆಯುತ್ತಿದ್ದ ಅದೇ ಪಾರುಪತ್ಯಗಾರ. ಹೀಗೇ ಟೋಪಿ ಹಿಡಿದು ನಿಂತಿದ್ದ ನಮ್ಮ ಅಪ್ಪನಿಗೆ, "ಭಾನುವಾರದೊಳಗೆ ಮನೆ ಖಾಲಿ ಮಾಡೋ" ಎಂದವನು.

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಿಗೆ ಬಂದೂ ಇತ್ತು. ಒಂದು ಸಂಸಾರವನ್ನು ಬೀದಿಗೆ ಹಾಕುವ ಶಕ್ತಿ ಇಷ್ಟು ಸಣ್ಣ ಮಾತಿಗೆ ಇರುತ್ತದೆಂದು, ಅದು ನನ್ನ ನಾಲಗೆಯ ಮೇಲೂ ಬಂದು ಕೂರುತ್ತದೆಂದು ನಾನು ಎಣಿಸಿರಲಿಲ್ಲ. ಅವನಿಗಲ್ಲ, ನನಗೇ ನಾನು ಹೆದರಿದೆ.

"ಟೋಪಿ ಹಾಕ್ಕೊಳಿ, ಚಳಿ ಇದೆ. ಒಳಗೆ ಬನ್ನಿ, ಸೊಪ್ಪಿನ ಸಾರು ಬಿಸಿ ಇದೆ," ಎಂದೆ. ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು. ಎರಡು ಬಟ್ಟಲು ಕುಡಿದ. ಏಳುವಾಗ ಕಣ್ಣೊರೆಸಿಕೊಂಡು ಅಂದ: "ನಮ್ಮ ದ್ವೀಪದಲ್ಲಿ ಇಂಥ ಒಡೆಯರು ಇರ್ಲಿಲ್ಲ ಕಣಮ್ಮ."

ಅವನ ಬಾಯಿಂದ, ಅಕ್ಕ!

ನಿನ್ನ ತಂಗಿ,
ದೆಯೊಲಿಂದಾ

ತಾ.ಕ.: ಅವ್ವನಿಗೆ ಓದಿ ಹೇಳುವಾಗ ಅವನ ಹೆಸರು ಬಿಟ್ಟುಬಿಡು. ನಾನು ಯಾರ ಮಗಳೆಂದು ಅವನಿಗೆ ತಿಳಿಯದು. "ನಿಮ್ಮ ತಂದೆ ಯಾವೂರಮ್ಮ?" ಎಂದು ಕೇಳಿದ, ಬೇರೆ ಊರು ಹೇಳಿದೆ. ನಿಜ ಗೊತ್ತಾದರೆ ನಾಳೆಯೇ ಗಂಟುಮೂಟೆ ಕಟ್ಟುತ್ತಾನೆ. ಆ ಹೆಂಗಸು ಮೆಟ್ಟಿಲು ಹತ್ತದೆ ಒಳಗೆ ಹೋಗಬಹುದಾದ ಮನೆ ಈ ಬೀದಿಯಲ್ಲಿ ಅದೊಂದೇ.