ಸ್ಪ್ರಿಂಗ್ ಬರುವ ತನಕ ಗಾಡಿ ತೆಗೆಯಬೇಡ

ಗೌತಮ,

ಹೊಸ ಸ್ಪ್ರಿಂಗ್ ಬರುವ ತನಕ ಗಾಡಿ ತೆಗೆಯಬೇಡ. ಬೈಕಿನ ಮುಂದಿನ ಗಾಲಿ ಹಿಡಿದ ಫೋರ್ಕಿಗೆ ನೀನೇ ದಪ್ಪ ಎಣ್ಣೆ ಸುರಿದು, "ಈಗ ಗಟ್ಟಿ ಆತು" ಅಂದೆಯಲ್ಲ, ನಿನ್ನೆ ಮಿಸ್ತ್ರಿ ಅದನ್ನು ನೋಡಿ ಬೈದ. "ಎಣ್ಣಿ ಭಾರ ಹೊರಂಗಿಲ್ಲವ್ವಾ, ಸ್ಪ್ರಿಂಗ್ ಹೊರತಾವ. ಅವು ಕುಸದಾವ. ಹಿಂದ ಯಾರರ ಕುಂತಾಗ ಇಳಕಲಿನ್ಯಾಗ ಬ್ರೇಕ್ ಹಿಡದ್ರ ಗಾಡಿ ಮುಗ್ಗರಸ್ತೈತಿ." ಎರಡೂ ಕಡೆಗೆ ಗಟ್ಟಿ ಸ್ಪ್ರಿಂಗ್ ತರಿಸಿ, ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಲು ಹೇಳಿದ್ದೇನೆ. ಸಿಟ್ಟಾಗಬೇಡ. ರೊಟ್ಟಿ ಬುಟ್ಟಿಯಲ್ಲಿವೆ.

ಇಷ್ಟು ಬರೆದು ಹೊರಗೆ ಹೋದರೆ ಗಾಡಿಯೇ ಇಲ್ಲ. ನೀನಿನ್ನೂ ಮಲಗಿದ್ದೀ ಎಂದುಕೊಂಡಿದ್ದೆ. "ನಿಮ್ಮವ್ವನ್ನ ಹಿಂದ ಕುಂದರಿಸ್ಕೊಂಡು ನವಿಲುತೀರ್ಥದ ಇಳಕಲಿನ ಕಡೆ ಹ್ವಾದ" ಎಂದಳು ಪಕ್ಕದ ಮನೆಯ ಲಗಮವ್ವ. ನಿನ್ನ ಫೋನು ರಿಂಗಾಗುತ್ತಿದೆ, ಯಾರೂ ಎತ್ತುತ್ತಿಲ್ಲ. ನಾನು ಅದೇ ದಾರಿಯ ಬಸ್ಸಿಗೆ ಹೊರಟಿದ್ದೇನೆ. ನನಗಿಂತ ಮೊದಲು ಮನೆ ಮುಟ್ಟಿದರೆ ಕೂಡಲೇ ಫೋನ್ ಮಾಡು. ನೀನು ಮಾತಾಡಬೇಡ, ಅವ್ವನ ಕೈಗೆ ಕೊಡು.

ರೇಣಕ್ಕ